ಮೆಷಿನ್ ಅಪ್ಪನದು, ಲೆಕ್ಕವೂ ಅಪ್ಪನದೇ ಇರಲಿ

ಸಿಸ್ಟರಮ್ಮನನ್ನು ಕೇಳಿ: ತಾಲ್ಲೂಕು ಆಸ್ಪತ್ರೆಯಲ್ಲಿ 34 ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ

ಪ್ರಶ್ನೆ: ಸಿಸ್ಟರ್, ನಾನು ಮಸ್ಕತ್‌ನಲ್ಲಿದ್ದೇನೆ. ಅಪ್ಪನಿಗೆ 74 ವರ್ಷ, ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ದೀಪಾವಳಿಗೆ ಊರಿಗೆ ಹೋದಾಗ ಬ್ಲೂಟೂತ್ ಇರುವ ಬಿಪಿ ಮೆಷಿನ್ ಕೊಡಿಸಿದೆ. ಅವರು ಅಳೆದದ್ದೆಲ್ಲ ನನ್ನ ಫೋನಿಗೂ ಬರುವ ಹಾಗೆ ಮಾಡಿದ್ದೆ. ಮೊದಲ ತಿಂಗಳು ದಿನಕ್ಕೆ ಏಳೆಂಟು ಸಲ ಅಳೆದರು. ಒಮ್ಮೆ 148, ಇನ್ನೊಮ್ಮೆ 126. ಕೆಂಪು ಬಣ್ಣ ಬಂದಾಗೆಲ್ಲ ನಾನು ಫೋನ್ ಮಾಡುತ್ತಿದ್ದೆ. ಈಗ ಅವರು ಮೆಷಿನ್ ಮುಟ್ಟುವುದೇ ಇಲ್ಲ. ಕೇಳಿದರೆ ಸಿಟ್ಟು. ಏನು ಮಾಡಲಿ?
- ಒಬ್ಬ ಮಗ

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನಮ್ಮ ಮಾವ ನೆನಪಾದರು. ಮನೆಯಲ್ಲೇ ನರ್ಸ್ ಸೊಸೆ ಇದ್ದಳಲ್ಲ, ದಿನಾ ಬೆಳಿಗ್ಗೆ ನಾನೇ ಅವರ ಬಿಪಿ ನೋಡುತ್ತಿದ್ದೆ. ಸ್ವಲ್ಪ ಜಾಸ್ತಿ ಬಂದರೆ ಸಾಕು, 'ನಿನ್ನೆ ಉಪ್ಪಿನಕಾಯಿ ತಿಂದಿರಾ? ಮಾತ್ರೆ ಬಿಟ್ಟಿರಾ?' ಎಂದು ಕೇಳುತ್ತಿದ್ದೆ. ಹದಿನೈದು ದಿನಕ್ಕೆ ಅವರು ನನ್ನ ಕೈಗೆ ತೋಳು ಕೊಡುವುದನ್ನೇ ಬಿಟ್ಟರು. ನಾನು ಬರುವ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೊರಟುಬಿಡುತ್ತಿದ್ದರು.

ನಿಮ್ಮ ಅಪ್ಪನೂ ಇದನ್ನೇ ಮಾಡುತ್ತಿದ್ದಾರೆ. ಅವರ ತೋಳಿನ ಅಳತೆ ಅವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಮರುಕ್ಷಣ ಫೋನ್ ಬರುತ್ತದೆ. ಇಷ್ಟು ವರ್ಷ ಮನೆ, ತೋಟ ಎರಡನ್ನೂ ನಡೆಸಿದ ಮನುಷ್ಯನಿಗೆ ಇದು ಪರೀಕ್ಷೆ ಬರೆದ ಹಾಗೆ ಆಗುತ್ತದೆ. ನಿಮ್ಮ ಕಾಳಜಿ ದೊಡ್ಡದು, ಅದು ನನಗೆ ಅರ್ಥವಾಗುತ್ತದೆ. ಆದರೆ ಮೊದಲು ನಿಮ್ಮ ಫೋನಿಗೆ ಬರುವ ಆ ಸೂಚನೆ ನಿಲ್ಲಿಸಿ. ನಿಲ್ಲಿಸಿದ್ದೇನೆ ಎಂದು ಅವರಿಗೆ ಹೇಳಿ. ಸುಮ್ನೆ ಹೇಳಿದರೆ ಸಾಲದು, ನಿಜವಾಗಿಯೂ ನಿಲ್ಲಿಸಿರಬೇಕು.

ಒಮ್ಮೆ 148, ಒಮ್ಮೆ 126 ಬಂದರೆ ಮೆಷಿನ್ ಕೆಟ್ಟಿದೆ ಎಂದಲ್ಲ. ಬಿಪಿ ದಿನವಿಡೀ ಏರುತ್ತದೆ, ಇಳಿಯುತ್ತದೆ. ಗುಡ್ಡ ಹತ್ತಿ ಬಂದು ಕೂತ ತಕ್ಷಣ ಅಳೆದರೆ, ಮೂತ್ರ ಕಟ್ಟಿಕೊಂಡಿದ್ದರೆ, ಅಳೆಯುವಾಗ ಅಮ್ಮನ ಜೊತೆ ಮಾತಾಡುತ್ತಿದ್ದರೆ, ಎಲ್ಲದಕ್ಕೂ ಜಾಸ್ತಿ ತೋರಿಸುತ್ತದೆ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾಗಿದ್ದರೂ ಅಷ್ಟೇ. ಪೆಟ್ಟಿಗೆಯ ಮೇಲೆ ಇಷ್ಟು ಸೆಂಟಿಮೀಟರ್‌ನಿಂದ ಇಷ್ಟು ಎಂದು ಬರೆದಿರುತ್ತದೆ. ಅಮ್ಮನಿಗೆ ಹೊಲಿಗೆ ಟೇಪಿನಲ್ಲಿ ಅಪ್ಪನ ತೋಳಿನ ಸುತ್ತಳತೆ ನೋಡಲು ಹೇಳಿ. ಇಷ್ಟು ವರ್ಷದಲ್ಲಿ ನಾನು ಕಂಡ ತಪ್ಪುಗಳಲ್ಲಿ ಈ ಪಟ್ಟಿಯ ತಪ್ಪೇ ಹೆಚ್ಚು.

ಅಳೆಯುವುದು ಹೀಗೆ. ಕಾಫಿ, ಬೀಡಿ, ಕವಳ ಯಾವುದೇ ಆಗಲಿ, ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ, ಅಂಗಿಯ ಮೇಲಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆದುಕೊಳ್ಳಬೇಕು. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ. ಅದೂ ವರ್ಷವಿಡೀ ಬೇಡ. ವೈದ್ಯರನ್ನು ನೋಡುವ ಮುಂಚಿನ ಒಂದು ವಾರ ಮಾಡಿದರೆ ಬಹಳಷ್ಟು ಜನರಿಗೆ ಸಾಕು. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಬೇಕು. ಮನೆಯಲ್ಲಿ ಅಳೆದಾಗ ಸರಾಸರಿ 135/85 ದಾಟಿದರೆ ಜಾಸ್ತಿ ಎಂದು ಸಾಮಾನ್ಯವಾಗಿ ಲೆಕ್ಕ. ಅಪ್ಪನಿಗೆ ಎಷ್ಟಿರಬೇಕು ಎಂಬುದನ್ನು ಮಾತ್ರ ಅವರ ವೈದ್ಯರೇ ಹೇಳಬೇಕು.

ಬರೆಯುವುದು ಎಲ್ಲಿ? ನನ್ನನ್ನು ಕೇಳಿದರೆ ಗೋಡೆಯ ಕ್ಯಾಲೆಂಡರಿನಲ್ಲಿ. ನಮ್ಮ ಮಾವನಿಗೂ ಕೊನೆಗೆ ನಾನು ಅದನ್ನೇ ಒಪ್ಪಿಸಿದೆ. ಮೆಷಿನ್ ಅವರ ಕೈಗೆ, ಪೆನ್ಸಿಲ್ಲೂ ಅವರ ಕೈಗೆ. ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಸಂಖ್ಯೆಯ ಪಕ್ಕದಲ್ಲಿ ಒಂದೊಂದು ಮಾತು ಬರೆಯತೊಡಗಿದರು. 'ನಿದ್ದೆ ಇಲ್ಲ.' 'ಮಳೆ, ತೋಟಕ್ಕೆ ಹೋಗಿಲ್ಲ.' ಮೂರ್ನಾಲ್ಕು ದಿನ 'ಏಳುವಾಗ ತಲೆ ತಿರುಗಿತು' ಎಂದಿತ್ತು. ಆ ಹಾಳೆ ಹಿಡಿದು ಹೋದಾಗ ವೈದ್ಯರು ಸಂಖ್ಯೆಗಿಂತ ಮೊದಲು ಆ ಮಾತು ಓದಿದರು. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿದರು. ನಿಂತಾಗ ತುಂಬ ಇಳಿಯುತ್ತಿತ್ತು. ಮಾತ್ರೆ ಕಡಿಮೆ ಮಾಡಿದರು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿತು ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಆ ತಲೆ ತಿರುಗಿದ್ದು ಯಾವ ಆ್ಯಪಿಗೂ ಗೊತ್ತಿರಲಿಲ್ಲ, ಅಲ್ವಾ?

ದೂರದಲ್ಲಿರುವ ನಿಮಗೂ ಒಂದು ಕೆಲಸ ಇದೆ. ವಾರಕ್ಕೊಮ್ಮೆ ಕ್ಯಾಲೆಂಡರಿನ ಫೋಟೊ ತೆಗೆದು ವಾಟ್ಸಾಪ್ ಮಾಡಲು ಅಪ್ಪನನ್ನು ಕೇಳಿಕೊಳ್ಳಿ. ಕೊಟ್ಟರೆ ಸಂತೋಷ. ಫೋನ್ ಮಾಡಿದಾಗ ಅಡಿಕೆ ಕೊಯ್ಲು ಎಲ್ಲಿಗೆ ಬಂತು ಎಂದು ಮೊದಲು ಕೇಳಿ. ಒಂದನ್ನು ಮಾತ್ರ ಅಪ್ಪ, ಅಮ್ಮ ಇಬ್ಬರಿಗೂ ಈಗಲೇ ಹೇಳಿಡಿ: ಎದೆ ನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಮೆಷಿನ್ ಹುಡುಕುತ್ತಾ ಕೂರಬಾರದು. ನಿಮಗೆ ಫೋನ್ ಮಾಡುವುದು ಆಮೇಲೆ. ಮೊದಲು 108. ಏನೂ ತೊಂದರೆ ಇಲ್ಲದೆ 180/120 ದಾಟಿ ತೋರಿಸಿದರೆ ಐದು ನಿಮಿಷ ಕೂತು ಮತ್ತೆ ನೋಡಬೇಕು. ಆಗಲೂ ಹಾಗೇ ಇದ್ದರೆ ವೈದ್ಯರಿಗೆ ತಕ್ಷಣ ತಿಳಿಸಬೇಕು.

ಪ್ರಶ್ನೆ: ನನಗೆ 71. ಹೊಸದುರ್ಗದಲ್ಲಿ ಒಬ್ಬಳೇ ಇದ್ದೇನೆ. ಆಸ್ಪತ್ರೆಯಲ್ಲಿ ಆಭಾ ಕಾರ್ಡ್ ಮಾಡಿಸಿ ಅಂದರು. ಒಟಿಪಿ ಪುಣೆಯಲ್ಲಿರುವ ಮಗನ ಫೋನಿಗೆ ಹೋಯಿತು. ಅವನು ಮೀಟಿಂಗ್‌ನಲ್ಲಿದ್ದ. ಕ್ಯೂ ಬಿಟ್ಟು ವಾಪಸ್ ಬಂದೆ. ನನ್ನದು ಬಟನ್ ಫೋನ್. ಸ್ಮಾರ್ಟ್‌ಫೋನ್ ತಗೊಳ್ಳಲೇಬೇಕಾ?
- ಒಬ್ಬ ತಾಯಿ

ಉತ್ತರ: ಬೇಡಮ್ಮ. ಒಟಿಪಿ ಬರುವುದು ಮೆಸೇಜಿನಲ್ಲಿ. ನಿಮ್ಮ ಬಟನ್ ಫೋನಿಗೂ ಬರುತ್ತದೆ. ತೊಂದರೆ ಇರುವುದು ಆಧಾರ್‌ನಲ್ಲಿ ಮಗನ ನಂಬರ್ ಇರುವುದರಲ್ಲಿ. ನಿಮ್ಮ ನಂಬರನ್ನೇ ಹಾಕಿಸಿ. ಆಧಾರ್ ಕೇಂದ್ರದಲ್ಲಿ ಮಾಡುತ್ತಾರೆ. ಪೋಸ್ಟ್ ಆಫೀಸಿನಲ್ಲಿ ಕೇಳಿ ನೋಡಿ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರ್ ಬದಲಾಯಿಸುವ ಸೌಲಭ್ಯ ಇದೆ. ಪಾತ್ರೆ ತಿಕ್ಕಿ ಬೆರಳ ರೇಖೆ ಸವೆದಿದ್ದರೆ ಮೆಷಿನ್ ಹಿಡಿಯುವುದಿಲ್ಲ. ಎಷ್ಟೋ ಅಮ್ಮಂದಿರು ಇದರಿಂದ ಬೇಜಾರಾಗಿ ಮರಳುವುದನ್ನು ನೋಡಿದ್ದೇನೆ. ಹಾಗಾದರೆ ಆಧಾರ್ ಕೇಂದ್ರಕ್ಕೇ ಹೋಗಿ ಕಣ್ಣಿನ ಸ್ಕ್ಯಾನ್ ಮಾಡಿ ಎಂದು ಕೇಳಿ.

ಆಭಾ ಅಂದರೆ 14 ಅಂಕಿಯ ಒಂದು ನಂಬರ್. ನಿಮ್ಮ ಚೀಟಿ, ರಿಪೋರ್ಟುಗಳನ್ನು ಒಂದೇ ಕಡೆ ಜೋಡಿಸಲು ಅದು. ಅದರಿಂದ ಚಿಕಿತ್ಸೆಯ ಖರ್ಚು ಸಿಗುವುದಿಲ್ಲ. ಖರ್ಚಿಗೆ ಇರುವ ಆಯುಷ್ಮಾನ್ ಕಾರ್ಡೇ ಬೇರೆ. ಆಭಾ ಮಾಡಿಸಲು ದುಡ್ಡಿಲ್ಲ, ಅದು ಕಡ್ಡಾಯವೂ ಅಲ್ಲ. ಮಾಡಿಸಿದ ಮೇಲೆ ಆ ನಂಬರನ್ನು ನಿಮ್ಮ ಆಸ್ಪತ್ರೆ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಇನ್ನೊಂದು ಮಾತು. ಒಟಿಪಿ ಯಾರಿಗೂ ಹೇಳಬೇಡಿ ಅಂತಾರೆ, ಕೌಂಟರಿನಲ್ಲಿ ನೋಡಿದರೆ ಅದನ್ನೇ ಕೇಳುತ್ತಾರೆ. ಗೊಂದಲ ಆಗದೆ ಇರುತ್ತದೆಯೇ? ನಾನು ನಮ್ಮ ಬೀದಿಯವರಿಗೆ ಹೇಳುವುದು ಇಷ್ಟೇ. ನೀವಾಗಿ ಎದ್ದು ಹೋದ ಕೆಲಸಕ್ಕೆ, ಎದುರು ಕೂತವರು ಕೇಳಿದಾಗ, ಮೆಸೇಜಿನಲ್ಲಿ ಯಾವುದಕ್ಕೆ ಎಂದು ಓದಿಸಿಕೊಂಡು ಹೇಳಿ. ತಾವಾಗಿ ಫೋನ್ ಮಾಡಿದವರಿಗೆ, ಅವರು ಯಾರೇ ಆಗಲಿ, ಹೇಳಬೇಡಿ. 'ಕಾರ್ಡ್ ಇವತ್ತೇ ರದ್ದಾಗುತ್ತದೆ' ಅಂದರೂ ಫೋನ್ ಇಟ್ಟುಬಿಡಿ. ಹಣ ಹೋಯಿತು ಅನಿಸಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇರೆ ಯಾವುದೇ ವಿಷಯಕ್ಕೆ ಕೇಳುವವರಿಲ್ಲ ಅನಿಸಿದರೆ ಹಿರಿಯರಿಗೆಂದೇ ಇರುವ ಸಹಾಯವಾಣಿ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಪೂರ್ತಿ ಉಚಿತ.

ಪ್ರಶ್ನೆ: ಮಗಳು ಕೊಟ್ಟ ವಾಚ್ ಸೂಜಿ ಚುಚ್ಚದೆ ಶುಗರ್ ತೋರಿಸುತ್ತದೆ. ಗ್ಲುಕೋಮೀಟರ್ ಬಿಡಬಹುದಾ? ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ.
- 66ರ ಒಬ್ಬರು, ಮಂಡ್ಯ

ಉತ್ತರ: ಖಂಡಿತ ಬಿಡಬೇಡಿ. ಸೂಜಿ ಇಲ್ಲದೆ ಶುಗರ್ ಹೇಳುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ವಾಚು ತಪ್ಪಾಗಿ ಜಾಸ್ತಿ ತೋರಿಸಿ, ನೀವು ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಗೆ ತೆಗೆದುಕೊಂಡರೆ ಶುಗರ್ ಪೂರ್ತಿ ಇಳಿದು ಪ್ರಜ್ಞೆ ತಪ್ಪಬಹುದು. ಮಗಳ ಪ್ರೀತಿಗೆ ಬೇಸರ ಮಾಡಬೇಡಿ. ನಡಿಗೆ ಎಣಿಸಲು ವಾಚು ಕಟ್ಟಿಕೊಳ್ಳಿ. ಶುಗರ್ ನೋಡಲು ಬೆರಳು ಚುಚ್ಚಿ. ಚುಚ್ಚುವ ಮುನ್ನ ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡು 300 ಬಂತೆಂದು ಹೆದರಿ ಬಂದವರನ್ನು ವಾರ್ಡಿನಲ್ಲಿ ಕಂಡಿದ್ದೇನೆ. ಕೈ ತೊಳೆಸಿ ನೋಡಿದರೆ 140 ಇತ್ತು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಮುಚ್ಚಿ, ತಾರೀಖು ಮುಗಿದಿದೆಯಾ ನೋಡಿಕೊಳ್ಳಿ. ವಾಚು ನೋಡಿ ಈಗಾಗಲೇ ಇನ್ಸುಲಿನ್ ಅಳತೆ ಬದಲಾಯಿಸಿದ್ದರೆ, ಈ ಉತ್ತರ ಓದಿದ ದಿನವೇ ನಿಮ್ಮ ವೈದ್ಯರಿಗೆ ಹೇಳಿ.