ಬ್ಯಾಡ್ಜರ್ ಬ್ರಷ್ಷೋ ಸಿಂಥೆಟಿಕ್ಕೋ: ನಿಮ್ಮ ಪ್ರಶ್ನೆಗೆ ನನ್ನ ಉತ್ತರ

ನಮಸ್ಕಾರ ಸರ್. ಅಪ್ಪನ ಕಾಲದ ಬ್ಯಾಡ್ಜರ್ ಶೇವಿಂಗ್ ಬ್ರಷ್ ಕೂದಲು ಉದುರಿಸುತ್ತಿದೆ, ಮತ್ತೆ ಅಂಥದ್ದೇ ತಗೊಳ್ಳಲೋ ಸಿಂಥೆಟಿಕ್ ತಗೊಳ್ಳಲೋ ಎಂದು ಕೇಳಿದ್ದೀರಿ. ಮಗಳು ಪ್ರಾಣಿ ಕೂದಲು ಬೇಡವೇ ಬೇಡ ಅನ್ನುತ್ತಾಳೆ, ಗೆಳೆಯರು "ಸಿಂಥೆಟಿಕ್ ಅಂದ್ರೆ ಪ್ಲಾಸ್ಟಿಕ್ ಅಲ್ವಾ" ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ನನ್ನ ಓಟು ಮಗಳಿಗೆ. ಆದರೆ ಎಲ್ಲ ಪ್ರಾಣಿ ಕೂದಲನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬ್ಯಾಡ್ಜರ್ ನಮ್ಮ ತರಕರಡಿಯ ದೂರದ ನೆಂಟ. ಬ್ರಷ್ಷಿಗೆ ಬರುವ ಅದರ ಕೂದಲು ಬಹುಪಾಲು ಚೀನಾದ್ದು. ಬ್ರಿಟನ್ನಿನಲ್ಲಿ 1992ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬ್ಯಾಡ್ಜರ್ ಕೊಲ್ಲುವುದು ಅಪರಾಧ. ಅದೇ ದೇಶದ ಹೆಸರಾಂತ ಬ್ರಷ್ಷುಗಳಿಗೆ ಕೂದಲು ಮಾತ್ರ ಹೊರಗಿನಿಂದ ಬರುತ್ತಿತ್ತು! 2018ರಲ್ಲಿ ಪ್ರಾಣಿಗಳ ಪರ ಹೋರಾಡುವ ಪೇಟಾ ಏಷ್ಯಾ ಸಂಘಟನೆಯವರು ಚೀನಾದ ಸಾಕಣೆ ಕೇಂದ್ರಗಳ ವಿಡಿಯೊ ಹೊರಗೆ ಬಿಟ್ಟರು. ನೆಲ ತೋಡಿ ಬಿಲದಲ್ಲಿ ಬದುಕುವ ಪ್ರಾಣಿಗೆ ಅಲ್ಲಿ ಇಕ್ಕಟ್ಟಾದ ಬೋನು. ಅದಾದ ಮೇಲೆ ಹಲವು ಕಂಪನಿಗಳು ಬ್ಯಾಡ್ಜರ್ ಕೈಬಿಟ್ಟವು.

"ಮಾಂಸಕ್ಕೆ ಹೇಗೂ ಕೊಲ್ಲುತ್ತಾರೆ, ಇದು ಮಿಕ್ಕಿದ ಕೂದಲು" ಎನ್ನುವ ಮಾತು ಕೇಳಿರುತ್ತೀರಿ. ಸಿಲ್ವರ್‌ಟಿಪ್, ಅಂದರೆ ಬ್ಯಾಡ್ಜರ್ ಕೂದಲಿನಲ್ಲೇ ಮೇಲ್ದರ್ಜೆಯ ಬ್ರಷ್ಷಿನ ಬೆಲೆ ಒಮ್ಮೆ ನೋಡಿ. ಮಿಕ್ಕಿದ್ದಕ್ಕೆ ಯಾರಾದರೂ ಅಷ್ಟು ದುಡ್ಡು ಕೊಡುತ್ತಾರಾ?

ಹಂದಿ ಕೂದಲಿನ ಲೆಕ್ಕ ಬೇರೆ. ಅಲ್ಲಿ ಹಂದಿ ಸಾಕುವುದು ಮಾಂಸಕ್ಕೆ, ಕೂದಲು ಅದರ ಜೊತೆಗೆ ಬರುವಂಥದ್ದು. ಇಟಲಿಯ ಒಮೆಗಾ, ಪೋರ್ಚುಗಲ್ಲಿನ ಸೆಮೋಗ್ ಎಂಬ ಬ್ರಷ್ ಕಂಪನಿಗಳು ಹೆಸರು ಮಾಡಿದ್ದೇ ಇದರಿಂದ. ಹಂದಿಮಾಂಸ ತಿನ್ನುವವರು ಈ ಬ್ರಷ್ ನೋಡಿ ಮುಖ ತಿರುಗಿಸಿದರೆ ನನಗೆ ನಗು ಬರುತ್ತದೆ. ಮಾಂಸ ಮುಟ್ಟದವರಿಗೆ, ಹಂದಿ ಅಂದರೆ ಆಗದವರಿಗೆ ಬೇಡ, ಅಷ್ಟೇ. ಡಬ್ಬಿಯ ಮೇಲೆ ಸುಮ್ನೆ 'ನ್ಯಾಚುರಲ್ ಬ್ರಿಸಲ್' ಅಂತಿದ್ದರೆ ಸಾಮಾನ್ಯವಾಗಿ ಹಂದಿಯದೇ. ಬ್ಯಾಡ್ಜರಿನಂತೆ ಕಾಣಲಿ ಎಂದು ಅದಕ್ಕೆ ಕಪ್ಪು ಪಟ್ಟಿ ಬಳಿಯುವುದೂ ಉಂಟು. ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಸುಟ್ಟ ಕೂದಲಿನ ನಾತ ಬಂದು ಪುಡಿಯಾದರೆ ಪ್ರಾಣಿಯದು. ಕರಗಿ ಸಣ್ಣ ಮಣಿಯಂತೆ ಗಟ್ಟಿಯಾದರೆ ನೈಲಾನ್ ಜಾತಿ.

ಇನ್ನು ಕುದುರೆ ಕೂದಲಿನ ಬ್ರಷ್. ಬಾಲದ ಕೂದಲನ್ನು ಕುದುರೆಯನ್ನು ಕೊಲ್ಲದೆಯೂ ಕತ್ತರಿಸಬಹುದು, ನಿಜ. ಆದರೆ ಬದುಕಿದ ಕುದುರೆಯದೋ ಸತ್ತದ್ದೋ ಎಂದು ಬ್ರಷ್ ನೋಡಿ ಹೇಳಲು ಆಗುವುದಿಲ್ಲ. ಇದೆಲ್ಲ ಹೊರದೇಶದವರ ಪಾಪ ಅಂದುಕೊಳ್ಳುವುದೂ ಬೇಡ. ಚಿತ್ರ ಬಿಡಿಸುವ ಬ್ರಷ್ಷಿಗಾಗಿ ನಮ್ಮಲ್ಲಿ ಮುಂಗುಸಿ ಕೊಲ್ಲುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧವಾದರೂ ದಾಳಿಗಳಲ್ಲಿ ಮಾಲು ಸಿಗುತ್ತಲೇ ಇದೆ.

ಇನ್ನು ಪ್ಲಾಸ್ಟಿಕ್ ಮಾತು. ಹೌದು, ಸಿಂಥೆಟಿಕ್ ಎಳೆ ಪೆಟ್ರೋಲಿಯಂನಿಂದಲೇ ಬರುವುದು. ಆದರೆ ಒಂದು ಬ್ರಷ್ ಎಷ್ಟೋ ವರ್ಷ ಬರುತ್ತದೆ. ವಾರಕ್ಕೊಂದು ಯೂಸ್ ಅಂಡ್ ಥ್ರೋ ರೇಜರ್ ಬಿಸಾಡುವವರು ಈ ಬ್ರಷ್ಷಿನ ಪ್ಲಾಸ್ಟಿಕ್ ತೂಕ ಹಾಕಲು ಬಂದರೆ ಮೊದಲು ಅವರ ಕಸದ ಬುಟ್ಟಿ ನೋಡಿ.

ನಾನೂ ಹಂದಿ ಕೂದಲಿನದನ್ನೇ ಬಳಸುತ್ತಿದ್ದೆ. ನಮ್ಮದು ಮಲೆನಾಡು. ಆಷಾಢದಲ್ಲಿ ಅದು ಒಣಗುತ್ತಲೇ ಇರಲಿಲ್ಲ, ಒಂದು ವರ್ಷ ಬುಡಕ್ಕೆ ಬೂಷ್ಟು ಹಿಡಿಯಿತು. ಸಿಂಥೆಟಿಕ್ ಬೇಗ ಒಣಗುತ್ತದೆ. ಹಳೆಯ ನೈಲಾನ್ ಬ್ರಷ್ಷಿನಂತೆ ಚುಚ್ಚುವುದೂ ಇಲ್ಲ, ಈಗಿನ ಎಳೆಗಳ ತುದಿ ಸಪೂರ. ನೆನೆಹಾಕಬೇಕಿಲ್ಲ. ಅದ್ದಿ, ಎರಡು ಸಲ ಜೋರಾಗಿ ಕೊಡವಿ ಸೋಪಿಗೆ ಇಡಿ. ಅದು ನೀರು ಹಿಡಿದಿಡುವುದು ಕಡಿಮೆ, ಹಾಗಾಗಿ ಕೊಡವದಿದ್ದರೆ ನೊರೆ ಮೊಣಕೈವರೆಗೆ ಇಳಿಯುತ್ತದೆ. ಮೊದಲ ದಿನ ನನ್ನ ಬನಿಯನ್ ಪೂರ್ತಿ ಒದ್ದೆ. ಬೋರ್‌ವೆಲ್ ನೀರಾದರೆ ಸೋಪು ಸ್ವಲ್ಪ ಜಾಸ್ತಿ ಬೇಕು.

ಅಪ್ಪನ ಬ್ರಷ್ ಮಾತ್ರ ಎಸೆಯಬೇಡಿ. ಆ ಪ್ರಾಣಿ ಸತ್ತು ಎಷ್ಟೋ ವರ್ಷವಾಯಿತು, ಈಗ ಎಸೆದು ಯಾರಿಗೂ ಲಾಭವಿಲ್ಲ. ಹಿಡಿ ಗಟ್ಟಿಯಿದ್ದರೆ ಹಳೆ ಕೂದಲನ್ನು ಬುಡಕ್ಕೆ ಕತ್ತರಿಸಿ, ಉಳಿದದ್ದನ್ನು ಡ್ರಿಲ್‌ನಲ್ಲಿ ತೆಗೆದು, ಅದೇ ಗುಂಡಿಗೆ ಸಿಂಥೆಟಿಕ್ ನಾಟ್ (ಬುಡ ಸೇರಿಸಿ ಕಟ್ಟಿದ ಎಳೆಗಳ ಗೊಂಚಲು) ಕೂರಿಸಬಹುದು. ಎಪಾಕ್ಸಿ ಅಂಟು ಸಾಕು. ಕೂದಲು ಹೊರಬರುವ ಜಾಗದಲ್ಲಿ ಗುಂಡಿ ಎಷ್ಟು ಮಿಲಿಮೀಟರ್ ಅಗಲ ಇದೆ ಅಳೆದು, ಒಂದು ಫೋಟೊ ಜೊತೆ ಇಲ್ಲೇ ಹಾಕಿ. ಯಾವ ಸೈಜಿನ ನಾಟ್ ತರಿಸಬೇಕು ಅಂತ ಹೇಳುತ್ತೇನೆ.