ಶಾಂತಿ ಮಾತುಕತೆಗೆ ಹೆಂಗಸರು ಕೂತರೆ ಏನಾದರೂ ಬದಲಾಗುತ್ತಾ?

ಯುದ್ಧ ನಿಂತ ಮೇಲೆ ನಡೆಯುವ ಮಾತುಕತೆಗೆ ಹೆಂಗಸರನ್ನು ಕೂರಿಸಿದರೆ ನಿಜಕ್ಕೂ ಏನಾದರೂ ಬದಲಾಗುತ್ತಾ, ಇಲ್ಲಾ ಸುಮ್ನೆ ಲೆಕ್ಕಕ್ಕಾ ಅಂತ ಕೇಳಿದ್ದೀರಿ. ಬದಲಾಗುತ್ತೆ. ನಾನು ಇದನ್ನು ಮೊದಲು ಕಂಡದ್ದು ನಮ್ಮೂರಿನ ಅರಳಿಕಟ್ಟೆಯಲ್ಲಿ.

ನಮ್ಮದು ಮಂಡ್ಯ ಜಿಲ್ಲೆ, ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಹಳ್ಳಿ. ಒಂದು ಬೇಸಿಗೆಯಲ್ಲಿ ನೀರಿನ ಸರದಿಗೆ ಎರಡು ಬೀದಿಯವರು ಹೊಡೆದಾಡಿಕೊಂಡರು. ಹದಿನೈದು ದಿನ ಈ ಬೀದಿಯವರು ಆ ಬೀದಿಗೆ ಕಾಲಿಡಲಿಲ್ಲ. ಕೊನೆಗೆ ಯಜಮಾನರು ಕಟ್ಟೆ ಮೇಲೆ ಕೂತರು. ಯಾರಿಗೆ ಹಗಲು ನೀರು, ಯಾರಿಗೆ ರಾತ್ರಿ ನೀರು, ತಪ್ಪಿದವರಿಗೆ ಎಷ್ಟು ದಂಡ, ಎಲ್ಲಾ ತೀರ್ಮಾನ ಆಯ್ತು. ಇನ್ನೇನು ಏಳಬೇಕು, ಗುಡಿ ಗೋಡೆ ಪಕ್ಕ ನಿಂತಿದ್ದ ನಮ್ಮ ಸೋದರತ್ತೆ ಕೇಳಿದರು: "ಅಣ್ಣ, ಡೇರಿ ಇರೋದು ಆ ಬೀದೀಲಿ. ನಾಳೆ ನಾವು ಹಾಲು ಹಾಕಕ್ಕೆ ಹೋಗ್ಬೋದೋ ಬ್ಯಾಡ್ವೋ?" ಯಾರೂ ಮಾತಾಡಲಿಲ್ಲ. ಹದಿನೈದು ದಿನದ ಹಾಲಿನ ದುಡ್ಡು ಹೋಗಿದ್ದು ಅಲ್ಲಿ ಕೂತವರ ತಲೆಗೇ ಬಂದಿರಲಿಲ್ಲ. ಮತ್ತೆ ಕೂತು ಮಾತಾಡಬೇಕಾಯ್ತು.

ಉತ್ತರ ಐರ್ಲೆಂಡಿನಲ್ಲೂ ಹೀಗೇ. ಬ್ರಿಟನ್ ಜೊತೆ ಇರಬೇಕೋ, ಐರ್ಲೆಂಡ್ ಸೇರಬೇಕೋ ಅಂತ ಅಲ್ಲಿ ದಶಕಗಟ್ಟಲೆ ಹೊಡೆದಾಟ ನಡೆದಿತ್ತು. 1996ರಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ಕಡೆಯ ಹೆಂಗಸರು ಸೇರಿ ಪಕ್ಷ ಕಟ್ಟಿ, ಚುನಾವಣೆಗೆ ನಿಂತು, ಮಾತುಕತೆಗೆ ಬಂದರು. ಹಿಂಸೆಯಲ್ಲಿ ನೊಂದವರ ಗತಿ ಏನು, ಎರಡೂ ಕಡೆಯ ಮಕ್ಕಳು ಒಂದೇ ಶಾಲೆಯಲ್ಲಿ ಕೂರುವುದು ಯಾವಾಗ ಅಂತ ಪಟ್ಟು ಹಿಡಿದರು. ಆ ಹೊಡೆದಾಟ ನಿಲ್ಲಿಸಲು ಆದ 1998ರ ಗುಡ್ ಫ್ರೈಡೇ ಒಪ್ಪಂದದಲ್ಲಿ ಈ ಎರಡೂ ಮಾತುಗಳಿವೆ.

ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಕತೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ. 2003ರಲ್ಲಿ ಅಲ್ಲಿನ ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು, ಅಂತರ್ಯುದ್ಧ ನಿಲ್ಲಬೇಕು ಅಂತ ಬಿಸಿಲು ಮಳೆ ಅನ್ನದೆ ಬಯಲಲ್ಲಿ ಕೂತರು. ಘಾನಾದ ಅಕ್ರಾದಲ್ಲಿ ಮಾತುಕತೆ ವಾರಗಟ್ಟಲೆ ಎಳೆದಾಗ ಅಲ್ಲಿಗೂ ಹೋಗಿ, ಇತ್ಯರ್ಥ ಆಗುವವರೆಗೆ ಒಬ್ಬರನ್ನೂ ಹೊರಗೆ ಬಿಡಲ್ಲ ಅಂತ ಬಾಗಿಲಿಗೆ ಅಡ್ಡ ಕೂತರು. ಹಿಡಿಯಲು ಬಂದವರಿಗೆ ಅವರ ಮುಂದಾಳು ಲೇಮಾ ಬೋವಿ, ಮೈಮೇಲಿನ ಬಟ್ಟೆ ಕಳಚುತ್ತೇನೆ ಅಂದರು. ತಾಯಿಯಾದವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಅಂತ ಅಲ್ಲಿಯ ನಂಬಿಕೆ. ಬಂದವರು ಹಿಂದೆ ಸರಿದರು. ಆಗಸ್ಟ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. 2011ರಲ್ಲಿ ಲೇಮಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಆದರೆ ನೋಡಿ, ಅವರು ಕೂತದ್ದು ಬಾಗಿಲ ಹೊರಗೆ. ನನಗೆ ಸಂಕಟ ಆಗೋದು ಇಲ್ಲೇ. ಹೆಂಗಸರಿಗೆ ಒಳಗೆ ಜಾಗ ಕೊಡಿ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದಲ್ಲೇ 1325ನೇ ನಿರ್ಣಯ ಮಾಡಿತ್ತು, ಅಲ್ವಾ? ಒಳಗೆ ಕೂತವರನ್ನು ನೋಡಬೇಕಾದರೆ ಮಿರಿಯಂ ಕೊರೊನೆಲ್ ಫೆರರ್ ಬಗ್ಗೆ ಓದಿ. ಫಿಲಿಪ್ಪೀನ್ಸ್ ಸರ್ಕಾರದ ಕಡೆಯಿಂದ ಆ ದೇಶದ ದಕ್ಷಿಣದ ಮುಸ್ಲಿಂ ಮೊರೊ ಬಂಡುಕೋರರ ಜೊತೆ ಮಾತುಕತೆ ನಡೆಸಿ, 2014ರಲ್ಲಿ ಮುಖ್ಯ ಸಂಧಾನಕಾರರಾಗಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರು ಅವರು.