ಹೊಗಳಿದ್ದು ಯಾವಾಗ, ತೆಗಳಿದ್ದು ಯಾವಾಗ?

(ಜಮಖಂಡಿಯ ಕನ್ನಡ ಮಾಸ್ತರರೊಬ್ಬರು ತಮ್ಮೂರಿನ ಓದುಗರ ಬಳಗದಲ್ಲಿ ಬಸವರಾಜ ಕಟ್ಟೀಮನಿಯವರ ಮೊದಮೊದಲ ಕಾದಂಬರಿಗಳ ಬಗ್ಗೆ ಮಾತಾಡಲಿದ್ದಾರೆ. "ಒಬ್ಬರು ಕೆಚ್ಚಿನ ಬರಹ ಅಂತಾರೆ, ಇನ್ನೊಬ್ಬರು ಬರೀ ಘೋಷಣೆ ಅಂತಾರೆ. ಯಾರ ಮಾತು ಹಿಡೀಲಿ?" ಎಂದು ಕೇಳಿ, ಹನ್ನೊಂದು ಉದ್ಧೃತಗಳನ್ನು ಕಳಿಸಿದ್ದಾರೆ.)

ಮಾಸ್ತರರೇ,

ಸದ್ಯ ಯಾರ ಮಾತನ್ನೂ ಹಿಡಿಯಬೇಡಿ, ಮೊದಲು ಇಸವಿ ಹಿಡಿಯಿರಿ. ನಿಮ್ಮ ಹನ್ನೊಂದರಲ್ಲಿ ಏಳಕ್ಕೆ ಇಸವಿಯೇ ಇಲ್ಲ. ಗೊಂದಲದ ಮುಕ್ಕಾಲು ಪಾಲು ಅಲ್ಲೇ ಇದೆ.

'ಜ್ವಾಲಾಮುಖಿಯ ಮೇಲೆ' ಬಂದದ್ದು 1951ರಲ್ಲಿ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿ, ಚಲೇಜಾವ್ ಚಳವಳಿಯಲ್ಲಿ ಹಿಂಡಲಗಾ ಜೈಲು ಕಂಡು, ಪತ್ರಿಕೆಗಳಲ್ಲಿ ದುಡಿದ ಕಟ್ಟೀಮನಿ ಪತ್ರಿಕಾ ಕಚೇರಿಯ ಒಳಗುದಿಯನ್ನೇ ಕಾದಂಬರಿ ಮಾಡಿದ್ದರು. ಸಾಹಿತ್ಯ ಸಮಾಜದ ಬದಲಾವಣೆಗೆ ದುಡಿಯಬೇಕು ಎಂದು ಅನಕೃ ಎತ್ತಿದ ಪ್ರಗತಿಶೀಲ ಬಾವುಟದ ಕೆಳಗೆ ತರಾಸು, ನಿರಂಜನ, ಕಟ್ಟೀಮನಿ ಬರೆಯುತ್ತಿದ್ದ ಕಾಲ ಅದು. ಆಗಿನ ಓದುಗ ಕೇಳುತ್ತಿದ್ದದ್ದು ಒಂದೇ: ಈ ಬರಹ ಯಾರ ಪರವಾಗಿದೆ? ಮರುವರ್ಷ ಅಡಿಗರ 'ನಡೆದು ಬಂದ ದಾರಿ' ಬಂತು. 1961ರಲ್ಲಿ ಶಾಂತಿನಾಥ ದೇಸಾಯಿಯವರ 'ಮುಕ್ತಿ', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'. ಇವು ನವ್ಯ ಎಂಬ ಹೊಸ ಪಂಥದ ಕೃತಿಗಳು. ಇವುಗಳಿಂದ ಓದು ಕಲಿತ ವಿಮರ್ಶಕರು ಹಿಂದಿರುಗಿ ನೋಡಿದಾಗ ಕೇಳಿದ್ದು ಬೇರೆ: ಪಾತ್ರದ ಒಳಗೆ ಏನು ನಡೆದಿದೆ, ಕೃತಿಗೆ ಬಂಧ ಇದೆಯೇ? ಅಂದಮೇಲೆ ಹೊಗಳಿದವರೂ ತೆಗಳಿದವರೂ ಜಗಳಾಡುತ್ತಿಲ್ಲ, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬರೆದಿದ್ದಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು ನಿಲ್ಲುವುದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಮ್ ಎಳೆಯಿರಿ: ಹೇಳಿದವರು ಯಾರು, ಯಾವ ವರ್ಷ, ಎಲ್ಲಿ, ಯಾವ ಕಾದಂಬರಿಯ ಎಷ್ಟನೇ ಮುದ್ರಣ, ಹೇಳಿದ್ದೇನು. 'ಎಲ್ಲಿ' ಅನ್ನುವ ಕಾಲಮ್ಮೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮುನ್ನುಡಿ ಬರೆಯುವವರು ಕರೆಸಿಕೊಂಡ ಅತಿಥಿಗಳು, ಊಟ ಸಪ್ಪಗಿದ್ದರೂ ಹೇಳುವುದಿಲ್ಲ. ಅಭಿನಂದನ ಗ್ರಂಥವಂತೂ ಶಾಲು ಹೊದಿಸಲೆಂದೇ ಇರುವುದು. 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು, 1980ರಲ್ಲಿ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಕಟ್ಟೀಮನಿಯವರೇ ಅಧ್ಯಕ್ಷರಾದರು. ಇವೆರಡರ ನಂತರದ ಹೊಗಳಿಕೆಯಲ್ಲಿ ಕೃತಿಗೆ ಸಂದದ್ದೆಷ್ಟು, ಹಿರಿತನಕ್ಕೆ ಸಂದದ್ದೆಷ್ಟು ಎಂದು ಬಿಡಿಸಿ ನೋಡಬೇಕು. 'ಜರತಾರಿ ಜಗದ್ಗುರು' ಮಠಗಳ ಡಾಂಭಿಕತೆಯನ್ನು ಬಯಲಿಗೆಳೆಯುವ ಕಾದಂಬರಿ. ಮಠದ ಮೇಲಿನ ಭಕ್ತಿಯಿಂದ ಅದರ ಮೇಲೆ ಯಾರಾದರೂ ಸಿಟ್ಟಾದರೆ, ಆ ಸಿಟ್ಟನ್ನೂ ವಿಮರ್ಶೆಯ ಲೆಕ್ಕಕ್ಕೆ ಹಿಡಿಯಬೇಡಿ.

ನೀವು ಮಾಡಿದ ದೊಡ್ಡ ತಪ್ಪು ಐದನೆಯ ಉದ್ಧೃತದಲ್ಲಿದೆ. "ಪ್ರಗತಿಶೀಲರು ಘೋಷಣೆಯನ್ನೇ ಸಾಹಿತ್ಯವೆಂದು ತಿಳಿದರು" ಎಂಬುದು ಇಡೀ ಪಂಥದ ಮೇಲಿನ ಮಾತು. ಅದರಲ್ಲಿ ಕಟ್ಟೀಮನಿ ಹೆಸರೂ ಇಲ್ಲ, ಕಾದಂಬರಿಯ ಹೆಸರೂ ಇಲ್ಲ. ಸಾಹಿತ್ಯ ಚರಿತ್ರೆಯ ಇಂಥ ಸಾಲನ್ನು ತಂದು ಒಬ್ಬರ ಕೊರಳಿಗೆ ಕಟ್ಟುವ ಚಾಳಿ ಎಂ.ಎ. ನೋಟ್ಸುಗಳಿಂದ ಬಂದದ್ದು. ಹೊಡೆದು ಹಾಕಿ.

ಆಮೇಲೆ ಪುಟಕ್ಕೆ ಬನ್ನಿ. ಮೊದಲು, ನಡು, ಕೊನೆ ಎಂದು ಮೂರು ಕಡೆ ಹತ್ತತ್ತು ಪುಟ ಸಾಕು. ಲೇಖಕರು ತಾವೇ ಅಭಿಪ್ರಾಯ ಹೇಳುವ ಸಾಲಿಗೆ ಕೆಂಪು ಪೆನ್ಸಿಲ್, ಪಾತ್ರ ಮಾಡುವ ಆಡುವ ಸಾಲಿಗೆ ನೀಲಿ. (ಝೆರಾಕ್ಸ್ ಪ್ರತಿಯ ಮೇಲೆ, ಲೈಬ್ರರಿ ಪುಸ್ತಕದ ಮೇಲಲ್ಲ!) ಉದಾಹರಣೆಗೆ ನಾನೇ ಕಟ್ಟಿದ ಎರಡು ಸಾಲು: "ಪಗಾರ ಕೇಳಲು ಬಂದವನು ಖಾಲಿ ಕುರ್ಚಿ ಇದ್ದರೂ ಬಾಗಿಲ ಹತ್ತಿರ ನೆಲಕ್ಕೆ ಕುಂತ. ಬಂಡವಾಳಶಾಹಿಯ ದಬ್ಬಾಳಿಕೆ ಹೀಗೆ ಮನುಷ್ಯನನ್ನು ಕುಗ್ಗಿಸಿತ್ತು." ಮೊದಲನೆಯದು ನೀಲಿ, ಎರಡನೆಯದು ಕೆಂಪು. ಕೆಂಪನ್ನು ಅಳಿಸಿ ಓದಿ. ಏನೂ ಕಳೆಯದಿದ್ದರೆ 'ಘೋಷಣೆ' ಎಂದವರಿಗೆ ಆ ಜಾಗದಲ್ಲಿ ಒಂದು ಅಂಕ ಕೊಡಿ.

ತೊಡಕಾಗುವುದು ಅಭಿಪ್ರಾಯ ಪಾತ್ರದ ಬಾಯಿಂದ ಬಂದಾಗ. ಅದಕ್ಕೆ ನಮ್ಮ ಕಡೆಯ ಓದುಗರಿಗೆ ಸುಲಭದ ಗುರುತು ಇದೆ, ಭಾಷೆ. "ನಾ ಹೊಕ್ಕೀನ್ರೀ, ಹೊತ್ತಾತು" ಅನ್ನುತ್ತಿದ್ದವನು ಮರುಪುಟದಲ್ಲಿ "ಶೋಷಣೆಯ ಬೇರನ್ನೇ ಕಿತ್ತೊಗೆಯಬೇಕು" ಎಂದು ಗ್ರಂಥದ ಕನ್ನಡಕ್ಕೆ ಹತ್ತಿದರೆ, ಅಲ್ಲಿ ಮಾತಾಡುತ್ತಿರುವವರು ಲೇಖಕರು. ಆದರೆ ಪಾತ್ರ ಸ್ವತಃ ಪತ್ರಕರ್ತನೋ ಕಾರ್ಯಕರ್ತನೋ ಆಗಿದ್ದರೆ ಈ ಗುರುತು ನಡೆಯುವುದಿಲ್ಲ, ಅಂಥವರು ಮನೆಯಲ್ಲೂ ಭಾಷಣದ ಧಾಟಿಯಲ್ಲೇ ಮಾತಾಡುತ್ತಾರೆ.

ನನ್ನನ್ನು ಕೇಳಿದರೆ, ಭಾಷಣ ಹೆಚ್ಚಾಯಿತು ಎಂಬ ದೂರು ಸುಳ್ಳಲ್ಲ. ಆದರೆ 'ಆದ್ದರಿಂದ ಕಲೆಯೇ ಇಲ್ಲ' ಎಂದು ಹಾರಿದ್ದು ನವ್ಯದ ಅವಸರ. ಸಿಟ್ಟಿನಲ್ಲಿ ಓಡುವ ಗದ್ಯಕ್ಕೂ ಒಂದು ಲಯ ಇರುತ್ತದೆ, ಗಟ್ಟಿಯಾಗಿ ಓದಿದರೆ ಕಿವಿಗೆ ಗೊತ್ತಾಗುತ್ತದೆ.

ನಲವತ್ತು ನಿಮಿಷದ ಮಾತಿಗೆ ಹನ್ನೊಂದು ಉದ್ಧೃತ ಭಾರ. ಇಸವಿ ಸಿಕ್ಕ ನಾಲ್ಕನ್ನೇ ಇಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಕಾದಂಬರಿಯ ಎರಡು ಪುಟ ಓದಿ ಹೇಳಿ, ಒಂದು ಕೆಂಪು ತುಂಬಿದ್ದು, ಇನ್ನೊಂದು ನೀಲಿ. ಯಾವುದು ಯಾವುದೆಂದು ಬಳಗದವರಿಗೆ ಮೊದಲೇ ಹೇಳಬೇಡಿ.

— ಸಂ.